ಒಂದು ರೂಪಾಯಿಗೆ ಎಷ್ಟು ಹೊತ್ತು?

ವ್ಯಾಪಾರಕ್ಕೆ ಇಳಿದವನು ತನ್ನ ಸರಕನ್ನು ನೋಡಿ ತಾನೇ ಬೆರಗಾಗಬಾರದು. ಬೆರಗಾಗುವುದು ಗಿರಾಕಿಯ ಕೆಲಸ, ವ್ಯಾಪಾರಿ ಆಕಳಿಸುತ್ತ ಕೂತಿರಬೇಕು. ನಮ್ಮ ಕೊಟ್ಟೂರಿನ ಬಜಾರಿನಲ್ಲಿ ಸೀರೆ ಅಂಗಡಿಯವರನ್ನು ನೋಡಬೇಕು ನೀವು. ಜರಿ ಅಂಚಿನ ಸೀರೆಯನ್ನು ಹಳೇ ಗೋಣಿಚೀಲ ಕೊಡವಿದ ಹಾಗೆ ಕೊಡವಿ ಎದುರಿಗೆ ಎಸೆಯುತ್ತಾರೆ, ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಕೊಳ್ಳಲು ಬಂದ ಹೆಂಗಸರು ತಾವಾಗಿಯೇ ‘ಅಬ್ಬಬ್ಬಾ’ ಅನ್ನುತ್ತಾರೆ, ರೇಟು ಅಲ್ಲೇ ಮೇಲೇರುತ್ತದೆ. ನನ್ನ ಹಣೆಯಲ್ಲಿ ಈ ಆಕಳಿಕೆ ಬರೆದಿರಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕ ಎಂಟು ವರ್ಷ ವಿಡಿಯೋ ಗೇಮ್ ಅಂಗಡಿ ನಡೆಸಿದೆ. ಎಂಟು ವರ್ಷವೂ ನನ್ನ ಅಂಗಡಿಯನ್ನು ನಾನೇ ಬಾಯಿ ಕಳೆದುಕೊಂಡು ನೋಡುತ್ತ ಕೂತಿದ್ದೆ. ಇಂಥವನು ಅಂಗಡಿ ಮುಚ್ಚಿದ ಮೇಲೆ ಹಳೇ ಗೇಮ್ ಪೆಟ್ಟಿಗೆಗಳನ್ನು ಮಾರಲು ಹೊರಟರೆ ಏನಾಗುತ್ತದೆ ಅನ್ನುವುದನ್ನು ನಿಮ್ಮ ಮುಂದೆ ಹೇಳಿಕೊಂಡುಬಿಡುತ್ತೇನೆ. ನಗುವವರು ನಗಲಿ, ನಮ್ಮ ಮನೆಯಲ್ಲಿ ಆಗಲೇ ನಕ್ಕು ಮುಗಿದಿದೆ.

ಪೆಟ್ಟಿಗೆ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಬೀರುವಿನಷ್ಟು ಎತ್ತರದ ಪ್ಲೈವುಡ್ ಡಬ್ಬಿ, ಅದರ ಹೊಟ್ಟೆಯೊಳಗೆ ಒಂದು ಟಿ.ವಿ. ಎದೆಮಟ್ಟದಲ್ಲಿ ಒಂದು ಹಿಡಿಕೆ, ಪಕ್ಕದಲ್ಲಿ ನಾಲ್ಕು ಗುಂಡಿ, ಕೆಳಗೆ ಕಾಸು ಹಾಕುವ ಸೀಳು. ಒಂದು ರೂಪಾಯಿ ಹಾಕಿದರೆ ಆಟ ಶುರು, ನೀವು ಮೂರು ಸಲ ಸತ್ತರೆ ಆಟ ಮುಗಿಯಿತು, ಮತ್ತೆ ಬದುಕಬೇಕೆಂದರೆ ಮತ್ತೊಂದು ರೂಪಾಯಿ. ತೊಂಬತ್ತರ ದಶಕದ ನಡುವೆ ದಾವಣಗೆರೆಗೆ ಒಂದು ಮದುವೆಗೆಂದು ಹೋದವನು ಇದನ್ನು ಮೊದಲ ಸಲ ಕಂಡೆ. ಛತ್ರದಲ್ಲಿ ಎರಡು ಪಂಕ್ತಿ ಊಟ ಮಾಡಿ ಎದ್ದರೂ ನಾನು ಎದುರಿನ ಅಂಗಡಿಯಲ್ಲಿ ನಿಂತೇ ಇದ್ದೆ. ಗಾಜಿನ ಹಿಂದೆ ಅಂಗೈಯಷ್ಟು ಆಕಾಶ, ಅದರಲ್ಲಿ ಹೆಬ್ಬೆರಳಿನಷ್ಟು ವಿಮಾನ, ಸುತ್ತ ಬೆಂಕಿಯುಂಡೆ, ಮತ್ತು ಅದನ್ನೆಲ್ಲ ಒಂದು ಹಿಡಿಕೆಯಿಂದ ಆಡಿಸುತ್ತಿದ್ದ ಮನುಷ್ಯ! ಸೃಷ್ಟಿಕರ್ತನನ್ನು ಕೆಲಸದ ಹೊತ್ತಿನಲ್ಲಿ ನೋಡಿದಂತಾಯಿತು. ನಮ್ಮಪ್ಪನ ಶೇಂಗಾ ವ್ಯಾಪಾರ ಅವತ್ತಿಗೇ ನನಗೆ ರುಚಿಸದಾಯಿತು. ಮುಂದೆ ಎರಡು ತಿಂಗಳಲ್ಲಿ ಉಳ್ಳಾಗಡ್ಡಿ ಲಾರಿಯ ಮೇಲೆ ಎರಡು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳು ಕೊಟ್ಟೂರಿಗೆ ಬಂದಿಳಿದವು. ಒಂದು ವಿಮಾನದ್ದು, ಇನ್ನೊಂದು ಹೊಡೆದಾಟದ್ದು.

ಆ ಕಾಲದ ವೈಭವವನ್ನು ಏನೆಂದು ಹೇಳಲಿ. ಹೆಚ್ಚು ಅಂಕ ಗಳಿಸಿದವನ ಹೆಸರನ್ನು ಪೆಟ್ಟಿಗೆ ಕೇಳುತ್ತಿತ್ತು, ಆದರೆ ಇಂಗ್ಲಿಷಿನ ಮೂರೇ ಅಕ್ಷರ ಹೊಡೆಯಬಹುದು. ನಮ್ಮ ಊರಲ್ಲಿ ‘ಕೊಟ್ರೇಶಿ’ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಹೀಗಾಗಿ ಸಂಜೆಯ ಹೊತ್ತಿಗೆ ಹತ್ತು ಸಾಲಿನಲ್ಲೂ ಕೆ, ಓ, ಟಿ. ಮೇಲಿನ ಕೆಓಟಿ ಯಾರು, ಕೆಳಗಿನ ಕೆಓಟಿ ಯಾರು ಅನ್ನುವುದಕ್ಕೆ ಅಂಗಡಿಯ ಮುಂದೆ ಕೈ ಕೈ ಮಿಲಾಯಿಸಿದ್ದೂ ಉಂಟು. ನಾನೂ ಕೊಟ್ರೇಶನೇ, ಆದರೆ ಆ ಹತ್ತರಲ್ಲಿ ನಾನು ಒಂದು ದಿನವೂ ಇರಲಿಲ್ಲ. ಅಂಗಡಿ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಊದಿನಕಡ್ಡಿ ಸಿಕ್ಕಿಸಿ, ನಾನೇ ಒಂದು ರೂಪಾಯಿ ಹಾಕಿ ಹಿಡಿಕೆ ಹಿಡಿದೆ. ಗುಂಡಿ ಎಲ್ಲಿದೆ ಎಂದು ಕೆಳಗೆ ನೋಡಿ ತಲೆ ಎತ್ತುವುದರೊಳಗೆ ನನ್ನ ಮೂರೂ ವಿಮಾನ ಬೂದಿಯಾಗಿದ್ದವು. ಅವತ್ತೇ ಕಾಸಿನ ಗಲ್ಲೆಯ ಹಿಂದೆ ಹೋಗಿ ಕೂತವನು ಮತ್ತೆ ಹಿಡಿಕೆ ಮುಟ್ಟಲಿಲ್ಲ. ಚಿಲ್ಲರೆ ಕೊಡುವುದು, ಆಡುವವರ ಬೆರಳುಗಳನ್ನು ನೋಡಿ ಬೆರಗಾಗುವುದು, ಇಷ್ಟೇ ನನ್ನ ಉದ್ಯೋಗ.

ಎಲ್ಲ ವೈಭವಗಳಿಗೂ ಬರುವ ಗತಿ ನನ್ನದಕ್ಕೂ ಬಂತು. ಮನೆಯ ಟಿ.ವಿ.ಗೇ ಸಿಕ್ಕಿಸುವ ಆಟದ ಕ್ಯಾಸೆಟ್ಟುಗಳು ಬಂದವು, ಆಮೇಲೆ ಕಂಪ್ಯೂಟರ್ ಸೆಂಟರ್ ಬಂತು. ನನ್ನ ಕೆಓಟಿಗಳು ಮೀಸೆ ಬಂದು, ನೌಕರಿ ಹಿಡಿದು, ಲಗ್ನವಾಗಿ, ಅಂಗಡಿಯ ಮುಂದೆ ಹೋಗುವಾಗ ದೂರದಿಂದಲೇ ಕೈ ಎತ್ತುವಂತಾದರು. ಅಂಗಡಿಯ ಮಾಲೀಕರು, ‘ಕೊಟ್ರೇಶಿ, ಎಸ್.ಟಿ.ಡಿ. ಬೂತಿಗೆ ಕೇಳಾಕ ಹತ್ಯಾರಪಾ’ ಎಂದು ಮೆತ್ತಗೆ ಹೇಳಿದರು. ಬೀಗದ ಕೈ ಕೊಟ್ಟು, ಪೆಟ್ಟಿಗೆಗಳನ್ನು ಎತ್ತಿನ ಗಾಡಿಯ ಮೇಲೆ ಮಲಗಿಸಿ ಮನೆಗೆ ತಂದೆ. ನಮ್ಮ ಮನೆ ದೊಡ್ಡದಲ್ಲ. ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಪಡಸಾಲೆಯಲ್ಲಿ ಪೆಟ್ಟಿಗೆಗಳು ನಿಂತವು, ಅಲ್ಲಿದ್ದ ನನ್ನ ಹೆಂಡತಿ ನಾಗವೇಣಿಯ ಹೊಲಿಗೆ ಮಿಷಿನ್ನು ಅಡುಗೆಮನೆಗೆ ಹೋಯಿತು.

ಅಡುಗೆಮನೆಯಲ್ಲಿ ಹೊಲಿದ ಜಂಪರಿನ ಕಥೆ ಹೇಳಬಾರದು. ಒಗ್ಗರಣೆ ಸಿಡಿದರೆ ತೋಳಿನ ಮೇಲೆ ಚುಕ್ಕಿ, ರೊಟ್ಟಿ ಬಡಿದರೆ ಕಪ್ಪು ಬಟ್ಟೆಯ ಮೇಲೆ ಜೋಳದ ಹಿಟ್ಟು. ಓಣಿಯ ಮಾಸ್ತರರ ಹೆಂಡತಿ ಒಂದು ದಿನ ಬಂದು, ‘ನಾಗವೇಣಿ, ಜಂಪರ್ ಛಲೋ ಹೊಲಿದೀಯವ್ವ, ಆದ್ರ ಹಾಕ್ಕೊಂಡ್ರ ಬೆಳ್ಳುಳ್ಳಿ ವಾಸ್ನಿ ಹೊಡೀತೈತಿ’ ಎಂದು ಹೇಳಿಹೋದರು. ನಾಗವೇಣಿ ನನ್ನ ಕಡೆ ನೋಡಿದಳು. ಅಂಗಡಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದೇ ಅವಳ ಹೊಲಿಗೆಯ ಮೇಲೆ, ಆದ್ದರಿಂದ ಆ ನೋಟವನ್ನು ಎದುರಿಸುವುದು ನನಗೆ ಕಷ್ಟವಾಯಿತು. ಹೀಗೆ ಎರಡು ತಿಂಗಳು ಕಳೆದ ಮೇಲೆ ಅವಳು ಹೊಲಿಗೆ ಕ್ಲಾಸು ಶುರು ಮಾಡುವುದಾಗಿ ಹೇಳಿ ಆರು ಹುಡುಗಿಯರನ್ನು ಒಪ್ಪಿಸಿಬಿಟ್ಟಿದ್ದಳು. ಅಮಾವಾಸ್ಯೆ ಕಳೆದ ಸೋಮವಾರ ಶುರು. ಪಡಸಾಲೆ ಖಾಲಿಯಾದರೆ ಕ್ಲಾಸು, ಇಲ್ಲದಿದ್ದರೆ ಆ ಆರೂ ಹುಡುಗಿಯರು ಮೇಲಿನ ಓಣಿಯ ಟೇಲರ್ ಹತ್ತಿರ ಹೋಗುವುದು ಖಾತ್ರಿ. ‘ಅಮಾಸಿ ಒಳಗ ಈ ಎರಡು ದೆವ್ವ ಮನಿ ಬಿಡಬೇಕ್ರಿ. ಇಲ್ಲಂದ್ರ ಕ್ಲಾಸು ಇಲ್ಲ, ನನಗ ಮಾತೂ ಇಲ್ಲ’ ಎಂದಳು. ಅಮಾವಾಸ್ಯೆಯೊಳಗೆ ಮಾರಿ ಕೊಡುತ್ತೇನೆಂದು ಎದೆ ತಟ್ಟಿ ಹೇಳಿದೆ.

ಹೇಳಿದ್ದೇನೋ ಹೇಳಿದೆ, ಮಾರಲು ಕೊಳ್ಳುವವನು ಬೇಕಲ್ಲ. ಮೊದಲು ಹಗರಿಬೊಮ್ಮನಹಳ್ಳಿಗೆ ಹೋದೆ. ಅಲ್ಲಿ ಒಬ್ಬರು ನನ್ನ ಹಾಗೇ ಗೇಮ್ ಅಂಗಡಿ ಇಟ್ಟಿದ್ದರು. ‘ಗೇಮ್ ಪೆಟ್ಟಿಗಿ ವಿಷ್ಯ ಮಾತಾಡಾಕ ಬಂದೀನ್ರಿ’ ಎನ್ನುತ್ತಲೇ ಆ ಮನುಷ್ಯ ಎದ್ದು ಬಂದು ಎರಡೂ ಕೈ ಹಿಡಿದುಕೊಂಡು, ಚಹಾ ತರಿಸಿ, ಮಿರ್ಚಿ ತರಿಸಿ, ಕಣ್ಣಲ್ಲಿ ನೀರು ತಂದುಕೊಂಡರು. ನಾನು ಅವರ ನಾಲ್ಕು ಪೆಟ್ಟಿಗೆ ಕೊಳ್ಳಲು ಬಂದವನೆಂದು ತಿಳಿದಿದ್ದರು. ಇಬ್ಬರೂ ಮಾರುವವರೇ ಎಂದು ತಿಳಿದ ಮೇಲೆ ಅವರು ಕಣ್ಣು ಒರೆಸಿಕೊಂಡರು. ಮಿರ್ಚಿ ಮಾತ್ರ ತಣ್ಣಗಾಗಲು ಬಿಡಲಿಲ್ಲ. ಹಡಗಲಿಯಲ್ಲಿ ಬಸ್ಸಿನಿಂದ ಇಳಿದು ಮಲ್ಲಿಗೆಯ ವಾಸನೆ ಹಿಡಿದುಕೊಂಡೇ ಮೂರು ಅಂಗಡಿ ತಿರುಗಿದೆ. ಮೂವರೂ ‘ಅದು ಮುಗೀತ್ರಿ’ ಎಂದರು, ಯಾರೋ ಹಿರಿಯರು ತೀರಿಕೊಂಡ ಸುದ್ದಿ ಹೇಳುವ ಧ್ವನಿಯಲ್ಲಿ. ಹಂಪಸಾಗರದ ಒಬ್ಬ ರೈತರಿಗೆ ವಿಮಾನದ ಆಟವನ್ನು ಅರ್ಧ ತಾಸು ವರ್ಣಿಸಿದೆ. ಎಲ್ಲ ಕೇಳಿ, ‘ಆಂಟೆನಾ ಹಚ್ಚಿದ್ರ ಕ್ರಿಕೆಟ್ ಬರ್ತೈತೇನ್ರಿ?’ ಎಂದರು. ಬರುವುದಿಲ್ಲ ಎಂದೆ. ನನ್ನ ಬಗ್ಗೆ ಅವರಿಗೆ ಬಹಳ ಮರುಕ ಹುಟ್ಟಿತು. ಹರಪನಹಳ್ಳಿಯ ಮೆಕ್ಕೆಜೋಳದ ಸಾಹುಕಾರರಂತೂ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೇಳಿ ಬರೆದುಕೊಂಡು, ‘ಒಳಗಿನ ಟಿ.ವಿ. ತೆಗ್ದುಬಿಟ್ರೆ ಬೀಜದ ಜೋಳಕ್ಕೆ ಇಲಿ ಕಾಟ ಇರಲ್ಲ ಅಲ್ವೇನ್ರಿ’ ಎಂದರು. ನಾನು ಎದ್ದು ಬಂದೆ. ಬಸ್ಸಿನಲ್ಲಿ ಕೂತು ನೆನೆಸಿಕೊಂಡರೆ ನಿಜವಾಗಿ ಹೊಟ್ಟೆ ಉರಿಯಿತು. ಆಕಾಶ, ವಿಮಾನ, ಬೆಂಕಿಯುಂಡೆ ಇದ್ದ ಜಾಗದಲ್ಲಿ ಜೋಳ!

ಅಮಾವಾಸ್ಯೆಗೆ ಐದು ದಿನ ಉಳಿದಾಗ ದಲ್ಲಾಳಿ ದುರುಗಪ್ಪಜ್ಜನ ಕಾಲು ಹಿಡಿದೆ. ಇವರು ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವವರು, ದನದ ಸಂತೆಯಲ್ಲಿ ನಲವತ್ತು ವರ್ಷ ಎತ್ತು ಮಾರಿಸಿದವರು. ಹೆಗಲ ಮೇಲೆ ಒಂದು ಕೆಂಪು ಟವೆಲು. ಅದರ ಕೆಳಗೆ ಕೊಳ್ಳುವವರ ಬೆರಳು ಹಿಡಿದು ಒತ್ತಿ ಒತ್ತಿ ರೇಟು ಕುದುರಿಸುತ್ತಾರೆ, ಸುತ್ತ ನಿಂತವರಿಗೆ ಒಂದು ನಯಾಪೈಸೆಯ ಸುಳಿವು ಸಿಗುವುದಿಲ್ಲ. ಎತ್ತನ್ನು ದೂರದಿಂದ ನೋಡಿಯೇ ಅದರ ವಯಸ್ಸು, ಗುಣ, ಹಿಂದಿನ ಒಡೆಯನ ಗುಣ ಎಲ್ಲ ಹೇಳಬಲ್ಲವರು. ಅಜ್ಜ ಬಂದು ನಮ್ಮ ಪಡಸಾಲೆಯಲ್ಲಿ ಪೆಟ್ಟಿಗೆಗಳ ಸುತ್ತ ಎರಡು ಸುತ್ತು ಹಾಕಿದರು. ಬೆನ್ನು ತಟ್ಟಿದರು, ಗುಂಡಿಗಳನ್ನು ಹಲ್ಲು ಎಣಿಸಿದಂತೆ ಎಣಿಸಿದರು, ಕೆಳಗೆ ಬಗ್ಗಿ ಕಾಲು ನೋಡಿದರು. ‘ಇದು ಬಲಗಡೇದು, ಅದು ಎಡಗಡೇದು. ಜೋಡಿ ಮುರೀಬ್ಯಾಡ ಕೊಟ್ರೇಶಿ, ಬಿಡಿ ಬಿಡಿ ಮಾರಿದ್ರ ಬೆಲಿ ಬರಂಗಿಲ್ಲ’ ಎಂದರು. ನಾನು ಎಂಟು ವರ್ಷ ಅವುಗಳ ಪಕ್ಕದಲ್ಲಿ ಕೂತಿದ್ದರೂ ಬಲ ಎಡ ಇದೆಯೆಂದು ತಿಳಿದಿರಲಿಲ್ಲ. ಆ ಜ್ಞಾನಕ್ಕೆ ಬೆರಗಾಗಿ ಕೈ ಮುಗಿದೆ.

ಮೂರನೇ ದಿನಕ್ಕೆ ಅಜ್ಜ ಗಿರಾಕಿಯನ್ನು ಹುಡುಕಿಯೇಬಿಟ್ಟರು. ಕೂಡ್ಲಿಗಿಯ ಬಸವನಗೌಡರು, ಹೈವೇ ಪಕ್ಕ ಹೋಟೆಲ್ ಇಟ್ಟವರು. ಬಸ್ಸುಗಳು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತವೆ, ಚಹಾ ಕುಡಿದ ಮೇಲೆ ಮಂದಿ ಸುಮ್ಮನೆ ಹಲ್ಲು ಕಡ್ಡಿ ಜಗಿಯುತ್ತ ನಿಂತಿರುತ್ತಾರೆ, ಆ ಹೊತ್ತಿಗೂ ಏನಾದರೂ ವಸೂಲಾಗಬೇಕೆಂಬುದು ಗೌಡರ ಆಸೆ. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಬರುತ್ತಾರೆಂದು ಗೊತ್ತಾಯಿತು. ‘ಆದ್ರ ಒಂದು ಮಾತು ಕೊಟ್ಟು ಬಂದೀನಿ’ ಎಂದರು ಅಜ್ಜ. ‘ಸಂತ್ಯಾಗ ಎತ್ತು ಮಾರೋವಾಗ ಗಳೇ ಹೂಡಿ ಹೊಲದ ಈ ತುದಿಯಿಂದ ಆ ತುದಿತನ ಹೊಡಿಸಿ ತೋರಿಸ್ತೀವಿ. ನಡುವ ಕುಂತ್ರ ಎತ್ತು ವಾಪಸ್. ಹಂಗ ಇದನ್ನೂ ಮೊದಲಿಂದ ಕಡೀತನ ಆಡಿ ತೋರಿಸಬೇಕು. ನಡುವ ನಿಲ್ಲಬಾರ್ದು.’ ವಿಮಾನದ ಆಟಕ್ಕೆ ಎಂಟು ಸ್ಟೇಜು. ನಾನಂತೂ ಒಂದನ್ನೂ ದಾಟಿದವನಲ್ಲ. ಹಳೇ ಕೆಓಟಿಗಳನ್ನು ನೆನೆಸಿಕೊಂಡೆ. ಒಬ್ಬ ಮಾಸ್ತರನಾಗಿದ್ದ, ಒಬ್ಬ ಪೊಲೀಸಿಗೆ ಸೇರಿದ್ದ, ಎಲ್ಲರಿಗಿಂತ ಚುರುಕಾಗಿದ್ದವನು ಬಸ್ ಕಂಡಕ್ಟರಾಗಿದ್ದ. ಈ ಕಂಡಕ್ಟರನನ್ನು ಹಿಡಿದೆ. ‘ಆತು ಕಣಣ್ಣ, ಅವತ್ತು ರಜಾ ಐತಿ, ಬರ್ತೀನಿ’ ಎಂದ.

ಅವತ್ತು ಅವನಿಗೆ ರಜಾ ಸಿಗಲಿಲ್ಲ. ಹತ್ತೂವರೆಗೆ ಗೌಡರು ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತರು. ಅಜ್ಜ ಟವೆಲು ಸರಿಮಾಡಿಕೊಂಡು ಪಕ್ಕದಲ್ಲಿ ನಿಂತರು. ಕರೆಂಟು ಕೂಡ ಇತ್ತು, ಆಶ್ಚರ್ಯ. ಕಂಡಕ್ಟರ್ ಮಾತ್ರ ಇಲ್ಲ. ಹನ್ನೊಂದಾಯಿತು. ಗೌಡರು ವಾಚು ನೋಡಿ, ‘ಏನ್ರಿ, ನೀವ ಆಡಿ ತೋರಿಸ್ರಲಾ, ಮಾಲೀಕರು ನೀವು’ ಎಂದರು. ಇಲ್ಲಿ ನನ್ನ ವಿಮಾನ ಬಿದ್ದರೆ ಪಡಸಾಲೆ ಹೋಯಿತು, ಕ್ಲಾಸು ಹೋಯಿತು, ಆರು ಹುಡುಗಿಯರು ಹೋದರು, ಹೆಂಡತಿಯ ಮಾತೂ ಹೋಯಿತು. ಕಿಸೆಯಿಂದ ರೂಪಾಯಿ ತೆಗೆದೆ, ಅದು ಸೀಳಿನ ಹತ್ತಿರ ಹೋಗದೆ ನೆಲಕ್ಕೆ ಬಿತ್ತು.

ಅಡುಗೆಮನೆಯಲ್ಲಿ ಮಿಷಿನ್ನಿನ ಸದ್ದು ನಿಂತಿತು. ನಾಗವೇಣಿ ಕತ್ತರಿ ಕೆಳಗಿಟ್ಟು, ಸೆರಗಿಗೆ ಅಂಟಿದ ದಾರದ ಚೂರು ಕೊಡವುತ್ತ ಬಂದಳು. ರೂಪಾಯಿ ಎತ್ತಿಕೊಂಡಳು. ‘ಸರೀರಿ ಒಂಚೂರು’ ಎಂದಳು. ನಾನು ಸರಿದೆ. ಪೆಟ್ಟಿಗೆಯ ದೂಳು ಒರೆಸಲು ಬಂದಳೆಂದೇ ನನ್ನ ಎಣಿಕೆ. ಅವಳು ಕಾಸು ಹಾಕಿ, ಎಡಗೈಯಲ್ಲಿ ಹಿಡಿಕೆ, ಬಲಗೈ ಬೆರಳು ಗುಂಡಿಯ ಮೇಲೆ ಇಟ್ಟುಕೊಂಡು, ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ ಕಣ್ಣು ಸ್ವಲ್ಪ ಕಿರಿದು ಮಾಡಿದಳು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ ನಿಮಗೆ. ಎಂಟು ವರ್ಷ ನೂರಾರು ಕೈಗಳನ್ನು ನೋಡಿದ್ದೇನೆ. ಎಲ್ಲರೂ ಹಿಡಿಕೆಯನ್ನು ಮುರಿಯುವ ಹಾಗೆ ಜಗ್ಗುತ್ತಿದ್ದರು, ಹಲ್ಲು ಕಚ್ಚುತ್ತಿದ್ದರು, ಪೆಟ್ಟಿಗೆಯನ್ನು ಒದೆಯುತ್ತಿದ್ದರು. ಇವಳು ನಿಂತಲ್ಲೇ ನಿಂತಿದ್ದಳು. ಹಿಡಿಕೆ ಅಲುಗಿತೋ ಇಲ್ಲವೋ, ವಿಮಾನ ಮಾತ್ರ ಬೆಂಕಿಯುಂಡೆಗಳ ನಡುವೆ ಅಂಚು ಹೊಲಿದುಕೊಂಡು ಹೋಗುತ್ತಿತ್ತು. ಒಂದನೇ ಸ್ಟೇಜು ಹೋಯಿತು. ಎರಡು ಹೋಯಿತು. ಮೂರನೆಯದರಲ್ಲಿ ನಾನು ಹೆಸರು ಮಾತ್ರ ಕೇಳಿದ್ದ ಮರಳುಗಾಡು ಬಂತು. ಐದರಲ್ಲಿ ಸಮುದ್ರ ಬಂತು, ಗಲ್ಲೆಯ ಹಿಂದಿನಿಂದ ಬೆರಳಷ್ಟೇ ಕಾಣುತ್ತಿದ್ದ ನನಗೆ ಪೆಟ್ಟಿಗೆಯಲ್ಲಿ ಸಮುದ್ರ ಇದೆಯೆಂದೇ ಗೊತ್ತಿರಲಿಲ್ಲ! ಗೌಡರು ಕುರ್ಚಿಯಿಂದ ಎದ್ದು ನಿಂತಿದ್ದರು. ಅಜ್ಜನ ಟವೆಲು ಹೆಗಲಿನಿಂದ ಜಾರಿ ನೆಲಕ್ಕೆ ಬಿದ್ದದ್ದು ಅಜ್ಜನಿಗೇ ತಿಳಿದಿರಲಿಲ್ಲ. ಎಂಟನೆಯದರಲ್ಲಿ ಗಾಜಿನ ತುಂಬ ಹಡಗು, ಅದರ ಮೈಯೆಲ್ಲ ತೋಪು. ನಾಗವೇಣಿ ಅದನ್ನೂ ಒಂದೊಂದೇ ಬಿಚ್ಚಿ, ಹಳೇ ಜಂಪರಿನ ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿ ಮುಗಿಸಿದಳು. ಪೆಟ್ಟಿಗೆಯೊಳಗೆ ಪಟಾಕಿ ಹಾರಿದವು, ವಾದ್ಯ ಮೊಳಗಿತು. ಎಂಟು ವರ್ಷದಲ್ಲಿ ಆ ವಾದ್ಯವನ್ನು ನಾನು ಎರಡು ಮೂರು ಸಲ ಕೇಳಿದ್ದೆನಷ್ಟೆ. ‘ಯಪ್ಪಾ ಯಪ್ಪಾ’ ಎಂದರು ಅಜ್ಜ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

‘ಯಾವಾಗ ಕಲಿತಿ ಇದನ್ನ?’ ಎಂದೆ. ‘ಪೆಟ್ಟಿಗಿ ಮನಿಗೆ ಬಂದಾಗಿಂದ, ನೀವು ಹೊರಗ ಹೋದಾಗೆಲ್ಲ ರೀ. ಕಣ್ಣು ದಣಿದಾಗ ಎದ್ದು ಬಂದು ಆಡ್ತಿದ್ದೆ. ಒಂದು ರೂಪಾಯಿನಾಗ ಎಲ್ಲಾ ಕಲಿತೆ. ಕಾಸಿನ ಡಬ್ಬಿ ಕೀಲಿ ನನ್ನ ಹತ್ರನೇ ಐತಲ್ಲ, ಅದನ್ನೇ ತೆಗೆಯೋದು, ಅದನ್ನೇ ಹಾಕೋದು.’ ಕರೆಂಟು ಬಿಲ್ಲು ಏರಿದೆಯೆಂದು ನಾನು ಮೀಟರ್ ಓದುವವರ ಜೊತೆ ಜಗಳ ಆಡಿದ್ದು ಆಗ ನೆನಪಾಯಿತು. ಇನ್ನೊಂದೂ ನೆನಪಾಯಿತು, ಅದು ನಗುವಂಥದ್ದಲ್ಲ. ಅಂಗಡಿ ನಡೆಯುತ್ತಿದ್ದಾಗ ಮಧ್ಯಾಹ್ನ ಬುತ್ತಿ ತಂದು ಕೊಡುತ್ತಿದ್ದವಳು ಒಂದು ದಿನ ಬಾಗಿಲಲ್ಲೇ ನಿಂತು, ‘ಅದು ಹ್ಯಾಂಗ ಆಡೋದ್ರಿ?’ ಎಂದು ಕೇಳಿದ್ದಳು. ‘ನಿನಗ್ಯಾಕ ಅದು’ ಎಂದು ಹೇಳಿ ಬುತ್ತಿ ಇಸಿದುಕೊಂಡಿದ್ದೆ. ಗಂಡಸರು ತುಂಬಿದ ಅಂಗಡಿಯೊಳಗೆ ಅವಳು ಮತ್ತೆ ಇಣುಕಿ ನೋಡಲಿಲ್ಲ. ಎಂಟು ವರ್ಷ ನಾನು ಕಂಡ ಬೆರಳುಗಳೆಲ್ಲ ಒಂದು ತೂಕ, ನನ್ನ ಮನೆಯಲ್ಲೇ ಇದ್ದ ಈ ಹತ್ತು ಬೆರಳು ಒಂದು ತೂಕ. ಅವನ್ನೇ ನಾನು ನೋಡಿರಲಿಲ್ಲ.

ಈ ಭಾವಾವೇಶದಲ್ಲಿ ಗಿರಾಕಿಯನ್ನು ಮರೆತುಬಿಟ್ಟಿದ್ದೆ. ಅಜ್ಜ ಎಚ್ಚರವಾಗಿ, ಟವೆಲು ಎತ್ತಿ ಕೊಡವಿ, ಗೌಡರ ಕಡೆ ಕೈ ಚಾಚಿ, ‘ನೋಡಿದ್ರೇನ್ರಿ ಗೌಡ್ರ? ಗಳೇ ಎಲ್ಲೆರ ನಿಂತಿತಾ? ಹಿಡೀರಿ ಕೈ’ ಎಂದರು. ಗೌಡರು ಕೈ ಕೊಡಲಿಲ್ಲ. ಅವರು ವಾಚು ನೋಡುತ್ತಿದ್ದರು, ಮುಖ ಸಪ್ಪಗಾಗಿತ್ತು.

‘ಮುಕ್ಕಾಲು ತಾಸು!’ ಎಂದರು.

‘ಹೌದ್ರಿ, ಮುಕ್ಕಾಲು ತಾಸು! ಒಂದ ಉಸುರಿನ್ಯಾಗ!’ ಅಜ್ಜ ಎದೆ ಉಬ್ಬಿಸಿದರು.

‘ಒಂದು ರೂಪಾಯಿಗೆ ಮುಕ್ಕಾಲು ತಾಸು ಓಡಿದ್ರ ನನ್ನ ಗತಿ ಏನಜ್ಜ? ಬಸ್ಸು ನಿಲ್ಲೋದು ಇಪ್ಪತ್ತು ನಿಮಿಷ. ಆಡೋನು ಇಲ್ಲೇ ನಿಂತಿರ್ತಾನ, ಬಸ್ಸು ಹೋಗಿರ್ತೈತಿ. ಅವನಿಗೆ ನಾನ ಊಟ ಹಾಕಿ, ಹಾಸಿಗಿ ಹಾಕಿ ಮಲಗಿಸಬೇಕಾಗ್ತೈತಿ. ಬ್ಯಾಡಪಾ, ನನಗ ಈ ವ್ಯಾಪಾರ ಬ್ಯಾಡ.’

ಅಜ್ಜನಿಗೆ ಅರ್ಥವೇ ಆಗಲಿಲ್ಲ. ನಲವತ್ತು ವರ್ಷದ ಅನುಭವದಲ್ಲಿ, ದಣಿಯದೆ ದುಡಿಯುವ ಎತ್ತನ್ನು ಯಾರೂ ಬೇಡವೆಂದಿರಲಿಲ್ಲ. ನನಗೂ ಆಗಲೇ ಹೊಳೆದದ್ದು. ನಾನು ಎಂಟು ವರ್ಷ ಅಂಗಡಿ ನಡೆಸಿದ್ದು ಚೆನ್ನಾಗಿ ಆಡುವವರಿಂದಲ್ಲ, ಆಡಲು ಬಾರದವರಿಂದ. ಇಷ್ಟು ಸಣ್ಣ ಲೆಕ್ಕ ಗೌಡರಿಗೆ ಒಂದು ಆಟ ನೋಡಿದೊಡನೆ ತಿಳಿಯಿತು, ಗಲ್ಲೆಯ ಹಿಂದೆ ಕೂತವನಿಗೆ ತಿಳಿದಿರಲಿಲ್ಲ. ಆದರೆ ತಿಳಿದು ಈಗ ಏನು ಮಾಡುವುದು? ಗೌಡರು ಚಪ್ಪಲಿ ಹುಡುಕುತ್ತಿದ್ದರು. ಪಡಸಾಲೆ ಕೈತಪ್ಪಿತು ಎಂದುಕೊಂಡು ನಾಗವೇಣಿಯ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

‘ಗೌಡ್ರ, ಒಂದು ನಿಮಿಷ ಕುಂದರ್ರಿ’ ಎಂದಳು ನಾಗವೇಣಿ. ‘ನಾನು ಮೂರು ತಿಂಗಳು ಆಡಿ ಕಲ್ತಾಕಿ. ಬಸ್ಸಿನಿಂದ ಇಳಿಯೋ ಮಂದಿ ನನ್ನಂಗ ಇರಂಗಿಲ್ಲ. ಹ್ಯಾಂಗ ಇರ್ತಾರ ಅಂತ ತೋರಿಸ್ತೀನಿ.’ ಡಬ್ಬಿಯ ಬೀಗ ತೆಗೆದು, ಆ ರೂಪಾಯಿ ತೆಗೆದು ನನ್ನ ಕೈಗೆ ಕೊಟ್ಟಳು. ‘ರೀ, ಈಗ ನೀವು ಆಡ್ರಿ.’

‘ನನಗ ಬರಂಗಿಲ್ಲ ಅಂತ ನಿನಗ ಗೊತ್ತಲ್ಲ!’ ಎಂದು ಪಿಸುಗುಟ್ಟಿದೆ. ‘ಅದಕ್ಕ ಆಡ್ರಿ ಅಂದೆ’ ಎಂದಳು.

ಆಡಿದೆ. ದೇವರಾಣೆ, ಮನಸ್ಸಿಟ್ಟು ಆಡಿದೆ. ಮರ್ಯಾದೆಯ ಪ್ರಶ್ನೆ ನೋಡಿ, ಹೆಂಡತಿ ಎಂಟು ಸ್ಟೇಜು ದಾಟಿದ ಮೇಲೆ ಗಂಡ ಒಂದಾದರೂ ದಾಟಬೇಡವೇ? ಮೊದಲ ವಿಮಾನ ಎದುರಿನ ಗುಡ್ಡಕ್ಕೆ ಹೋಗಿ ಬಡಿಯಿತು. ಎರಡನೆಯದು, ಶತ್ರುಗಳು ಇನ್ನೂ ಬಂದೇ ಇರಲಿಲ್ಲ, ಅದು ಹೇಗೆ ಸತ್ತಿತೋ ಪೆಟ್ಟಿಗೆ ಮಾಡಿದವರಿಗೇ ಗೊತ್ತು. ಮೂರನೆಯದನ್ನು ಮೂಲೆಗೆ ಒಯ್ದು ಅಡಗಿಸಿಟ್ಟೆ, ಅಲ್ಲಿಗೇ ಬಂದು ಹೊಡೆದರು. ಆಟ ಮುಗಿಯಿತು. ನಾಗವೇಣಿ ಮತ್ತೆ ಅದೇ ರೂಪಾಯಿ ತೆಗೆದು ಕೊಟ್ಟಳು. ಮತ್ತೆ ಸತ್ತೆ. ಮತ್ತೆ ಕೊಟ್ಟಳು. ಈ ಸಲ ರೋಷ ಬಂದು ನಾಲ್ಕೂ ಗುಂಡಿ ಒಟ್ಟಿಗೇ ಒತ್ತಿದೆ, ಇನ್ನೂ ಬೇಗ ಸತ್ತೆ. ಗೌಡರಿಗೆ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟುವುದರೊಳಗೆ ಮೂರು ರೂಪಾಯಿಯ ಆಟ ಆಗಿತ್ತು. ಗೌಡರ ಮುಖ ಹೂವಿನ ಹಾಗೆ ಅರಳುತ್ತಿತ್ತು. ‘ಅಬ್ಬಬ್ಬಾ!’ ಎಂದರು. ನನ್ನ ಜೀವಮಾನದಲ್ಲಿ ಒಬ್ಬ ಗಿರಾಕಿ ನನ್ನನ್ನು ನೋಡಿ ಬೆರಗಾದದ್ದು ಅದೇ ಮೊದಲು. ‘ಎಲ್ಲಾರೂ ಹಿಂಗ ಆಡ್ತಾರೇನವ್ವ?’ ಎಂದು ನಾಗವೇಣಿಯನ್ನು ಕೇಳಿದರು. ‘ಇವ್ರು ಸ್ವಲ್ಪ ಜಾಸ್ತಿ ರೀ’ ಎಂದಳು ಅವಳು, ‘ಆದ್ರ ಮಂದಿ ಇವ್ರ ಅಕ್ಕಪಕ್ಕ ಇರ್ತಾರ.’

ಅಜ್ಜ ಟವೆಲು ಹಾಕಿದರು. ಟವೆಲಿನ ಕೆಳಗೆ ಬೆರಳುಗಳು ಓಡಾಡಿದವು, ಮೇಲೆ ಇಬ್ಬರ ಮುಖವೂ ಕಲ್ಲು. ಒಂದು ಕಡೆ ಬಂದು ನಿಂತುಬಿಟ್ಟಿತು. ಗೌಡರು ಇನ್ನೊಂದು ಬೆರಳು ಕೊಡಲು ಒಪ್ಪುತ್ತಿಲ್ಲ ಎಂದು ಅಜ್ಜನ ಹುಬ್ಬು ನೋಡಿ ತಿಳಿಯಿತು. ಆಗ ನಾಗವೇಣಿ ಸಂತೆಯ ರೀತಿ ರಿವಾಜು ಒಂದನ್ನೂ ಲೆಕ್ಕಿಸದೆ ಬಾಯಿಬಿಟ್ಟು ಹೇಳಿದಳು, ‘ಗೌಡ್ರ, ಅಜ್ಜ ಕೇಳಿದಷ್ಟು ಕೊಡ್ರಿ. ಬೇಕಾದ್ರ ಎಂಟು ದಿನ ಇವ್ರನ್ನೂ ಜೊತಿಗೆ ಕಳಸ್ತೀನಿ. ನಿಮ್ಮ ಹೋಟೆಲಿನ್ಯಾಗ ಬಸ್ಸು ಬಂದಾಗ ಇವ್ರು ನಿಂತು ಆಡ್ಲಿ. ಇವ್ರನ್ನ ನೋಡಿದ್ರ ಯಾರಿಗಾದ್ರೂ ನಾನೂ ಆಡ್ತೀನಿ ಅಂತ ಧೈರ್ಯ ಬರ್ತೈತಿ.’ ಗೌಡರು ಟವೆಲನ್ನೇ ಕಿತ್ತೆಸೆದು ‘ಮುಗೀತು!’ ಎಂದರು. ನಲವತ್ತು ವರ್ಷದ ಗುಟ್ಟಿನ ವ್ಯಾಪಾರ ಹಾಡುಹಗಲು ಬಯಲಾದದ್ದಕ್ಕೆ ಅಜ್ಜ ಸ್ವಲ್ಪ ನೊಂದುಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎತ್ತನ್ನು ಯಾರು ಕೇಳುತ್ತಾರೆ?

ಅಮಾವಾಸ್ಯೆಯ ಬೆಳಿಗ್ಗೆ ಟೆಂಪೋ ಬಂತು. ಪೆಟ್ಟಿಗೆ ಏರಿಸುವ ಹೊತ್ತಿಗೆ ಅಜ್ಜ ಅಡ್ಡ ಬಂದು ಎರಡರ ಹಿಂದಿನ ಕರೆಂಟಿನ ವೈರನ್ನೂ ಕಳಚಿ ನನ್ನ ಕೈಗಿಟ್ಟರು. ‘ಎತ್ತು ಮಾರಿದ್ರೂ ಹಗ್ಗ ಕೊಡಬಾರ್ದಪಾ, ಮನಿ ಲಕ್ಷ್ಮಿ ಹೋಗ್ತಾಳ’ ಎಂದರು. ವೈರಿಲ್ಲದೆ ಪೆಟ್ಟಿಗೆ ನಡೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿಕೊಂಡೆ. ಆ ಎರಡು ಹಗ್ಗಗಳನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡು ನಾನೇ ಬಸ್ಸಿನಲ್ಲಿ ಹಿಂದಿನಿಂದ ಹೋದೆ.

ಕೂಡ್ಲಿಗಿಯಲ್ಲಿ ನನ್ನ ಸೋಲು ಭರ್ಜರಿಯಾಗಿ ನಡೆಯಿತು. ಬಸ್ಸು ನಿಂತ ಕೂಡಲೇ ಗೌಡರು ಕಣ್ಸನ್ನೆ ಮಾಡುತ್ತಾರೆ, ನಾನು ಹೋಗಿ ಸಾಯುತ್ತೇನೆ. ಎರಡು ಸಲ ಸಾಯುವುದರೊಳಗೆ ಯಾರಾದರೂ ಹೆಗಲು ತಟ್ಟಿ, ‘ಸರೀರಿ ಯಜಮಾನ್ರ, ನಿಮಗ ಬರಂಗಿಲ್ಲ’ ಎಂದು ನನ್ನನ್ನು ತಳ್ಳಿ ತಾವು ಕಾಸು ಹಾಕುತ್ತಾರೆ. ಗೌಡರು ನನಗೆ ಎರಡು ಹೊತ್ತು ಊಟ, ಕೇಳಿದಾಗ ಚಹಾ ಕೊಟ್ಟು ಬೀಗರ ಹಾಗೆ ನೋಡಿಕೊಂಡರು. ಆದರೆ ದಿನಕ್ಕೆ ಇಪ್ಪತ್ತು ಬಸ್ಸು, ಬಸ್ಸಿಗೆ ಎರಡು ಸಾವು. ಅಷ್ಟು ಸಲ ಸತ್ತರೆ ಕಲ್ಲಿಗೂ ಒಂದಿಷ್ಟು ಬುದ್ಧಿ ಬರುತ್ತದೆ. ಐದನೇ ದಿನ ಮಧ್ಯಾಹ್ನ ಹೊಸಪೇಟೆ ಬಸ್ಸು ಬಂದಿತ್ತು. ಹಿಡಿಕೆ ಹಿಡಿದೆ, ನಾಗವೇಣಿಯ ಹಾಗೆ ಕಣ್ಣು ಕಿರಿದು ಮಾಡಿದೆ, ಗುಡ್ಡ ಬಂತು, ತಪ್ಪಿಸಿಕೊಂಡೆ, ಶತ್ರುಗಳು ಬಂದರು, ಹೊಡೆದೆ, ಮತ್ತೆ ಬಂದರು, ಮತ್ತೆ ಹೊಡೆದೆ. ಆಕಾಶ ಬೆಳಗಿತು. ಮೊದಲನೇ ಸ್ಟೇಜು ದಾಟಿದ್ದೆ! ‘ಅಯ್ಯಯ್ಯೋ!’ ಎಂದು ಖುಷಿಯಿಂದ ಕಿರುಚಿದೆ. ಗೌಡರು ಗಲ್ಲೆ ಬಿಟ್ಟು ಓಡಿ ಬಂದರು. ನನ್ನ ಹಿಂದೆ ನಿಂತಿದ್ದ ನಾಲ್ಕು ಮಂದಿ, ‘ಈ ಯಪ್ಪ ಭಾರಿ ಅದಾನ, ನಮಗಾಗಂಗಿಲ್ಲ ಬಿಡು’ ಎಂದು ಬಸ್ಸಿನ ಕಡೆ ಹೋಗುತ್ತಿದ್ದರು. ಗೌಡರು ಅವರನ್ನೂ ನೋಡಿದರು, ನನ್ನನ್ನೂ ನೋಡಿದರು. ‘ಕೊಟ್ರೇಶಪ್ಪನವ್ರ, ಮುಂದಿನ ಬಸ್ಸಿಗೆ ಊರಿಗೆ ಹೋಗಿಬಿಡ್ರಿ’ ಎಂದು ಕೈ ಮುಗಿದರು.

ಮನೆಗೆ ಬಂದಾಗ ಪಡಸಾಲೆ ತುಂಬ ಬಟ್ಟೆ, ಚಾಪೆಯ ಮೇಲೆ ಆರು ಹುಡುಗಿಯರು, ಕಿಟಕಿಯ ಪಕ್ಕ ಬೆಳಕಿಗೆ ನಾಗವೇಣಿಯ ಮಿಷಿನ್ನು. ಒಂದು ಕ್ಷಣ ಬಾಗಿಲಲ್ಲೇ ನಿಂತು ನೋಡಿದೆ. ಆಮೇಲೆ ತಡೆಯಲಾರದೆ, ಮೊದಲನೇ ಸ್ಟೇಜು ದಾಟಿದ್ದು, ಕಿರುಚಿದ್ದು, ಗೌಡರು ಕೈ ಮುಗಿದದ್ದು, ಎಲ್ಲವನ್ನೂ ಚಪ್ಪಲಿ ಬಿಡುವ ಮೊದಲೇ ಹೇಳಿದೆ. ನಾಗವೇಣಿ ಮಿಷಿನ್ನು ನಿಲ್ಲಿಸಿ ಪೂರಾ ಕೇಳಿದಳು.

‘ಎಂಟು ದಿನ ಸೋಲಾಕ ಅಂತ ಕಳಿಸಿದ್ದೆ’ ಎಂದಳು, ‘ಅದೂ ನೆಟ್ಟಗ ಬರಲಿಲ್ಲ ನೋಡ್ರಿ ನಿಮಗ.’

ಹುಡುಗಿಯರು ಬಾಯಿಗೆ ಬಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಆದರೆ ಹೊಸಪೇಟೆ ಬಸ್ಸಿನ ನಾಲ್ಕು ಮಂದಿ ನನ್ನನ್ನು ‘ಭಾರಿ ಅದಾನ’ ಎಂದದ್ದು ಮಾತ್ರ ಸುಳ್ಳಲ್ಲ.